ದಿವಾನದ ತುದಿಗೆ ಮಾತು ಮುಟ್ಟಿಸಿದ್ದು

“ದನಿ ಕೇಳಸ್ತದ ತಮ್ಮಾ, ಮಾತ ತಿಳಿಯೂದಿಲ್ಲ.”

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಅಕ್ಕನ ಮನೆ. ಭಾವನ ತಾಯಿಯನ್ನು ಮಕ್ಕಳು ಆಯಿ ಅನ್ನುತ್ತಾರೆ, ನಾನೂ ಹಾಗೇ ಕರೆಯುವುದು. ಟೀವಿ ಬಗ್ಗೆ ಅವರು ಹೇಳಿದ ಈ ಒಂದು ಸಾಲಿನಲ್ಲಿ ಕಾಯಿಲೆ ಏನೆಂಬುದು ಮುಕ್ಕಾಲು ಪಾಲು ಇತ್ತು. ಅದು ನನ್ನ ತಲೆಗೆ ಹೋಗುವಷ್ಟರಲ್ಲಿ ಒಂದೂವರೆ ದಿನ ಆಗಿತ್ತು.

ಸ್ಪೀಕರ್ ಕೂರಿಸುವುದು ನನ್ನ ಕಸುಬಲ್ಲ, ಚಟ. ಮೈಸೂರಿನಲ್ಲಿ ಸ್ನೇಹಿತರ ಮನೆಗಳಿಗೆ ಮೈಕು, ಟೇಪು ಹಿಡಿದುಕೊಂಡು ಹೋಗಿ ಬಂದಿದ್ದೇನೆ, ಅಷ್ಟೇ. ಭಾವನಿಗೆ ಅದು ಗೊತ್ತಿದ್ದರಿಂದಲೇ ಒಂದು ರಾತ್ರಿ ಫೋನ್ ಬಂತು. “ಮೂರು ವರ್ಷ ಆತು ಹೋಮ್ ಥಿಯೇಟರ್ ತಗೊಂಡು. ಇನ್ನೂ ಟೀವಿ ಮುಂದ ಕುಂತು ಎಲ್ಲಾರೂ ಏನಂದಾ, ಏನಂದಾ ಅಂತೀವಿ. ಅಂಗಡ್ಯಾಗ ದೊಡ್ಡ ಸೆಂಟರ್ ಹಾಕ್ರಿ ಅಂತಾರ, ನಾಕು ವೂಫರ್‌ದು. ಹಾಕ್ಲೋ ಬ್ಯಾಡೋ?” ಸೆಂಟರ್ ಅಂದರೆ ಟೀವಿಯ ನೇರಕ್ಕೆ ಇಡುವ, ಮಾತು ಬಹುಪಾಲು ಬರುವ ಸ್ಪೀಕರ್; ವೂಫರ್ ಅದರೊಳಗೆ ತಗ್ಗಿನ, ನಡುವಿನ ಸದ್ದು ಹೊರಡಿಸುವ ತಟ್ಟೆ. ದುಡ್ಡು ಕೊಡುವ ಮೊದಲು ಒಂದು ವಾರ ತಡೀರಿ ಭಾವ, ಶನಿವಾರ ಬರ್ತೀನಿ ಅಂದೆ.

ಮೊದಲು ಹಾಲ್ ಹೇಗಿದೆ ಅಂತ ಹೇಳಿಬಿಡುತ್ತೇನೆ. ಮುಂದಿನ ಕಥೆಯೆಲ್ಲ ಅದರ ಅಳತೆಯಲ್ಲೇ ಇದೆ. 18 ಅಡಿ ಉದ್ದ, 12 ಅಡಿ ಅಗಲ. ಅಗಲದ ಗೋಡೆಗೆ 55 ಇಂಚಿನ ಟೀವಿ ಮೊಳೆ ಹೊಡೆದು ತೂಗುಹಾಕಿದೆ. ಅದರ ಕೆಳಗೆ 20 ಇಂಚು ಎತ್ತರದ ಪ್ಲೈವುಡ್ ಟೀವಿ ಯೂನಿಟ್, ಅದರ ಹೊಟ್ಟೆಯಲ್ಲೊಂದು ಗೂಡು. ಗೂಡಿನಲ್ಲಿ ಸೆಂಟರ್ ಸ್ಪೀಕರ್. ಟೀವಿಯ ಎಡಬಲಕ್ಕೆ ಸ್ಟ್ಯಾಂಡಿನ ಮೇಲೆ ಎರಡು ಬುಕ್‌ಶೆಲ್ಫ್ ಸ್ಪೀಕರ್, ಮೂಲೆಯಲ್ಲಿ ಸಬ್‌ವೂಫರ್, ಹಿಂದೆ ಎರಡು ಪುಟ್ಟ ಸರೌಂಡ್. ಒಟ್ಟು 5.1, ಅಂದರೆ ಐದು ಸ್ಪೀಕರ್, ತಳದ ಸದ್ದಿಗೊಂದು ಸಬ್‌ವೂಫರ್. ಟೀವಿಯಿಂದ 11 ಅಡಿಗೆ ಸೋಫಾ. ಎಡಗೋಡೆಗೆ ಒತ್ತಿ ದಿವಾನ. ಭಾವ ಸೋಫಾದ ನಟ್ಟನಡುವೆ. ಆಯಿ ದಿವಾನದ ತುದಿಯಲ್ಲಿ, ದಿಂಬಿಗೆ ಒರಗಿ, ಟೀವಿಗೆ ಓರೆಯಾಗಿ. ಭಾವ ಟೀವಿ ನೋಡುವುದು ವಾರಕ್ಕೆ ಎರಡು ಸಿನಿಮಾ. ಆಯಿ ದಿನಕ್ಕೆ ನಾಲ್ಕು ಗಂಟೆ.

ಆಯಿಗೆ 74. ಹಿಂದಿನ ವರ್ಷ ಮೈಸೂರಿಗೆ ಬಂದಿದ್ದಾಗ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ತೋರಿಸಿದ್ದೆವು. ಕೆಳಗಿನ ಮತ್ತು ನಡುವಿನ ಸ್ಥಾಯಿಗಳಲ್ಲಿ ವಯಸ್ಸಿಗೆ ಮೋಸವಿಲ್ಲ. 4,000 ಹರ್ಟ್ಸ್‌ನಿಂದ ಮೇಲೆ, ಅಂದರೆ ಸೆಕೆಂಡಿಗೆ ಅಷ್ಟು ಕಂಪನ ಮೀರಿದ ಕೀರಲು ಸದ್ದುಗಳಲ್ಲಿ, ವರದಿಯ ಗೆರೆ ಕೆಳಗಿಳಿದಿತ್ತು. ಶ್ರವಣ ಸಾಧನ ಈಗಲೇ ಬೇಡ, ವರ್ಷಕ್ಕೊಮ್ಮೆ ತೋರಿಸಿ ಅಂದಿದ್ದರು. ಹಾಗಾಗಿ ಮನೆಯಲ್ಲಿ ಎಲ್ಲರೂ, ಆಯಿಯೂ ಸೇರಿ, ತಪ್ಪೆಲ್ಲ ಕಿವಿಯದೇ ಅಂತ ತೀರ್ಮಾನಿಸಿ ಕೂತಿದ್ದರು.

ಶನಿವಾರ: ರಿಮೋಟಿನ ಗೋಜಲು

ಮೊದಲ ಅರ್ಧ ದಿನ ಸ್ಪೀಕರನ್ನು ಮುಟ್ಟಲೇ ಇಲ್ಲ. ಹೊಸ ಸ್ಪೀಕರ್ ಬೇಕು ಅನ್ನುವ ಮನೆಗಳಲ್ಲಿ ನನ್ನ ಅನುಭವಕ್ಕೆ ಬಂದಂತೆ ಅರ್ಧದಷ್ಟು ಕಡೆ ಬೇಕಾಗಿರುವುದು ಹೊಸ ಸೆಟ್ಟಿಂಗು.

ಇಲ್ಲಿ ಏನೇನಿತ್ತು ನೋಡಿ. ಸೆಟ್ ಟಾಪ್ ಬಾಕ್ಸ್ ಮತ್ತು ಓಟಿಟಿ ಆ್ಯಪ್‌ಗಳ ಸದ್ದು ಟೀವಿಯಿಂದ ಎಚ್‌ಡಿಎಂಐ ತಂತಿಯಲ್ಲಿ ರಿಸೀವರಿಗೆ, ಅಂದರೆ ಸ್ಪೀಕರ್‌ಗಳನ್ನೆಲ್ಲ ನಡೆಸುವ ಪೆಟ್ಟಿಗೆಗೆ, ಬರುತ್ತಿತ್ತು, ಆದರೆ ಟೀವಿಯ ಆಡಿಯೊ ಔಟ್‌ಪುಟ್ ಪಿಸಿಎಂ ಅನ್ನುವ ಸೆಟ್ಟಿಂಗಿಗೆ ನಿಂತಿತ್ತು. ಆ ಟೀವಿಯಲ್ಲಿ ಪಿಸಿಎಂ ಅಂದರೆ ಬರೀ ಎರಡು ಚಾನೆಲ್, ಎಡದ ಸದ್ದೊಂದು ಬಲದ ಸದ್ದೊಂದು. 5.1ರ ಸಿನಿಮಾ ಕೂಡ ಟೀವಿಯೊಳಗೇ ಎರಡಕ್ಕೆ ಹಿಂಡಿಹೋಗಿ ಹೊರಗೆ ಬರುತ್ತಿತ್ತು. ಅದರ ಮೇಲೆ ಅಳಿಯ, ಅಂದರೆ ಅಕ್ಕನ ಮಗ, ರಿಸೀವರನ್ನು ‘ಆಲ್ ಚಾನೆಲ್ ಸ್ಟೀರಿಯೊ’ಗೆ ಹಾಕಿಟ್ಟಿದ್ದ. ಎಲ್ಲ ಸ್ಪೀಕರೂ ಮಾತಾಡುತ್ತವೆ ಅಂತ ಅವನಿಗೆ ಖುಷಿ. ಐದೂ ಮೂಲೆಯಿಂದ ಒಂದೇ ಮಾತು ಬೇರೆಬೇರೆ ಹೊತ್ತಿಗೆ ಕಿವಿಗೆ ಬಿದ್ದರೆ ಅದು ಜಾತ್ರೆಯ ಮೈಕಿನ ಹಾಗೇ ಕೇಳುವುದು. ಸಾಲದ್ದಕ್ಕೆ ಭಾವ ಸೆಂಟರಿನ ಮಟ್ಟವನ್ನು 8 ಡೆಸಿಬೆಲ್ ಏರಿಸಿದ್ದರು. ರಿಸೀವರ್ ತಾನಾಗೇ ಅದನ್ನು ‘ಲಾರ್ಜ್’ ಅಂತ ಗುರುತಿಸಿ ತಳದ ಸದ್ದನ್ನೆಲ್ಲ ಆ ಪುಟ್ಟ ವೂಫರ್‌ಗಳ ತಲೆಗೇ ಕಟ್ಟಿತ್ತು. ಗುಡುಗು ಬಂದಾಗ ಟೀವಿ ಯೂನಿಟ್ಟಿನ ಬಾಗಿಲು ಕಟಕಟ ಅನ್ನುತ್ತಿತ್ತು.

ಟೀವಿಯ ಔಟ್‌ಪುಟ್ಟನ್ನು, ಬಂದ ಸದ್ದನ್ನು ಹಾಗೇ ದಾಟಿಸುವ ಪಾಸ್‌ಥ್ರೂಗೆ ಹಾಕಿದೆ. ರಿಸೀವರನ್ನು ಡಾಲ್ಬಿ ಸರೌಂಡಿಗೆ ತಂದೆ. ಬರೀ ಸ್ಟೀರಿಯೊ ಬಂದರೂ ಎಡಬಲ ಎರಡರಲ್ಲೂ ಸಮನಾಗಿರುವ ಮಾತನ್ನು ಅದು ನಡುವಿಗೆ ತಂದು ಕೂರಿಸುತ್ತದೆ, ಸೀರಿಯಲ್ಲಿಗೆ, ಸುದ್ದಿಗೆ ಇದೇ ಬೇಕು. ಸೆಂಟರನ್ನು ‘ಸ್ಮಾಲ್’ ಮಾಡಿ 80 ಹರ್ಟ್ಸ್‌ಗೆ ಕ್ರಾಸ್‌ಓವರ್ ಇಟ್ಟೆ, ಅಂದರೆ ಅದಕ್ಕಿಂತ ಕೆಳಗಿನ ಸದ್ದು ಸಬ್‌ವೂಫರಿಗೆ. ಗಂಡು ದನಿಯ ತಳ ಸುಮಾರು 100 ಹರ್ಟ್ಸ್ ಆಚೀಚೆ ಇರುವುದರಿಂದ ಮಾತಿಗೆ ಏನೂ ನಷ್ಟವಿಲ್ಲ. 8 ಡೆಸಿಬೆಲ್ಲನ್ನು ಸೊನ್ನೆಗೆ ಇಳಿಸಿದೆ. ಇನ್ನೊಂದು ಪುಟ್ಟ ವಿಷಯ: ಓಟಿಟಿಯಲ್ಲಿ ಒಂದೇ ಸಿನಿಮಾಕ್ಕೆ ‘ಕನ್ನಡ’ ಅಂತ ಒಂದು, ‘ಕನ್ನಡ 5.1’ ಅಂತ ಇನ್ನೊಂದು ಆಡಿಯೊ ಇರುವುದುಂಟು. ಮನೆಯಲ್ಲಿ ಯಾರೂ ಎರಡನೆಯದನ್ನು ಒತ್ತಿಯೇ ಇರಲಿಲ್ಲ.

ಸಂಜೆ ಸೋಫಾದಲ್ಲಿ ಕೂತು ಭಾವ “ಅರೇ, ಏನ್ ಛಲೋ ಆತಲೋ” ಅಂದರು. ಗೆದ್ದೆ ಅಂದುಕೊಂಡೆ. ಆಯಿಯ ಕಡೆ ತಿರುಗಿದರೆ ಅವರು ನನ್ನ ಮುಖ ನೋಡಿ, ಬೇಜಾರು ಮಾಡಬಾರದು ಅನ್ನುವ ಹಾಗೆ, ಮೊದಲ ಸಾಲಿನಲ್ಲಿ ಬರೆದ ಮಾತನ್ನು ಹೇಳಿದರು.

ಹಾಲು, ಕಾಲು, ಪಾಲು, ಸಾಲು

ಆ ರಾತ್ರಿ ಒಂದು ಪರೀಕ್ಷೆ ಹೊಳೆಯಿತು. ಅಕ್ಕನ ಕೈಗೆ ಫೋನ್ ಕೊಟ್ಟು 25 ಪದ ಓದಿಸಿ ರೆಕಾರ್ಡ್ ಮಾಡಿದೆ. ಆರಿಸಿದ್ದು ಒಂದಕ್ಕೊಂದು ಅಂಟಿಕೊಂಡ ಪದಗಳನ್ನೇ: ಹಾಲು, ಕಾಲು, ಪಾಲು, ಸಾಲು, ಶಾಲು, ಬೇಲಿ, ಬೇಳೆ, ಕಪ್ಪು, ತಪ್ಪು, ಸೊಪ್ಪು. ವಾಕ್ಯದಲ್ಲಿ ಬಂದರೆ ಅರ್ಧ ಕೇಳಿ ಅರ್ಧ ಊಹಿಸಿಬಿಡುತ್ತೇವೆ. ಬಿಡಿ ಪದಕ್ಕೆ ಆ ಊರುಗೋಲಿಲ್ಲ. ಸ್ವರ ಗಟ್ಟಿಯಾಗಿರುತ್ತದೆ, ಯಾರಿಗಾದರೂ ಕೇಳುತ್ತದೆ. ಅರ್ಥ ಬದಲಿಸುವುದು ಮಾತ್ರ ಮುಂದಿರುವ ಪುಟ್ಟ ವ್ಯಂಜನ.

ಫೋನನ್ನು ಬ್ಲೂಟೂತ್‌ನಲ್ಲಿ ರಿಸೀವರಿಗೆ ಜೋಡಿಸಿ, ವಾಲ್ಯೂಮನ್ನು ಒಂದೇ ಸಂಖ್ಯೆಗೆ ಇಟ್ಟು, ಫ್ಯಾನನ್ನು 2ಕ್ಕೆ ಇಳಿಸಿ, ಆಯಿ ಕೇಳಿದ್ದನ್ನು ಹೇಳುತ್ತಾ ಹೋಗುವುದು. ಮೊಮ್ಮಗಳು ಗುರುತು ಹಾಕಿಕೊಳ್ಳುವುದು. ದಿವಾನದ ತುದಿಯಲ್ಲಿ 25ಕ್ಕೆ 13 ಸರಿ. ಹಾಲು ಕಾಲಾಯಿತು, ಶಾಲು ಸಾಲಾಯಿತು, ಕಪ್ಪು ತಪ್ಪಾಯಿತು. ಪದಗಳ ಸರತಿ ಬದಲಿಸಿ ಅವರನ್ನೇ ಸೋಫಾದ ನಡುವೆ, ಭಾವನ ಜಾಗದಲ್ಲಿ ಕೂರಿಸಿದೆ. 20 ಸರಿ.

ಕಿವಿ ಅದೇ, ದನಿ ಅದೇ, ಸದ್ದಿನ ಮಟ್ಟ ಅದೇ. ಬದಲಾದದ್ದು ಕೂತ ಜಾಗ ಒಂದೇ, ಅದೂ ಸೋಫಾ ಇರುವುದು ದಿವಾನಕ್ಕಿಂತ ದೂರದಲ್ಲಿ. ಮನೆಯಲ್ಲೇ ಮಾಡಿದ ಪರೀಕ್ಷೆ ಇದು, ಪ್ರಯೋಗಾಲಯದ್ದಲ್ಲ. ಒಂದೆರಡು ಪದ ಅತ್ತಿತ್ತ ಆಗಬಹುದು. ಏಳು ಪದ ಆಗುವುದಿಲ್ಲ. ಸೊಸೆಯ ದನಿಯನ್ನೇ ಸೊಸೆಯ ಎದುರು ತಪ್ಪು ಹೇಳಿ ಸಂಕೋಚಪಟ್ಟಿದ್ದ ಆಯಿ “ಹಂಗಾರ ನನ್ನ ಕಿವೀದಲ್ಲೇನು ತಪ್ಪು?” ಅಂತ ಕೇಳಿದರು. ಅವತ್ತು ರಾತ್ರಿ ಸ್ಪೀಕರಿನ ಮೇಲೆ ನನಗೆ ಹಗೆ ಹುಟ್ಟಿತು.

ಭಾನುವಾರ: ಮಲಗಿದ್ದನ್ನು ಎಬ್ಬಿಸಿ ನಿಲ್ಲಿಸಿದಾಗ

ಆ ಸೆಂಟರ್ ಸ್ಪೀಕರ್ ಯಾವ ಅಂಗಡಿಯಲ್ಲಾದರೂ ಕಾಣುವಂಥದ್ದೇ: ಉದ್ದಕ್ಕೆ ಮಲಗಿದ ಪೆಟ್ಟಿಗೆ, ನಡುವೆ ಕೀರಲು ಸದ್ದಿಗೆ ಟ್ವೀಟರ್, ಆಚೆಗೊಂದು ಈಚೆಗೊಂದು ವೂಫರ್. ಎರಡೂ ವೂಫರ್ ಒಂದೇ ಮಾತನ್ನು ಒಟ್ಟಿಗೆ ಆಡುತ್ತವೆ. ನಟ್ಟನಡುವೆ ಕೂತವರಿಗೆ ಎರಡೂ ಸಮದೂರ, ತೊಂದರೆಯಿಲ್ಲ. ಪಕ್ಕಕ್ಕೆ ಸರಿದರೆ ಒಂದು ಹತ್ತಿರ, ಇನ್ನೊಂದು ದೂರ.

ಟೇಪು ಹಿಡಿದೆವು. ಆಯಿಯ ತಲೆ ಟೀವಿ ಗೋಡೆಯಿಂದ 8 ಅಡಿ ಹಿಂದೆ, ನಡುಗೆರೆಯಿಂದ 5 ಅಡಿ ಎಡಕ್ಕೆ. ಅಂದರೆ 32 ಡಿಗ್ರಿ ಓರೆ. ವೂಫರ್‌ಗಳ ನಡುವೆ, ಮಧ್ಯದಿಂದ ಮಧ್ಯಕ್ಕೆ, 33 ಸೆಂ.ಮೀ. ಆ ಓರೆಯಲ್ಲಿ ಒಂದರ ಸದ್ದು ಇನ್ನೊಂದಕ್ಕಿಂತ ಸುಮಾರು 17.5 ಸೆಂ.ಮೀ. ಹೆಚ್ಚು ದಾರಿ ನಡೆದು ಬರಬೇಕು. ಸದ್ದಿನ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. 17.5 ಸೆಂ.ಮೀ. ಅನ್ನುವುದು ಅರ್ಧ ಅಲೆಯಾಗುವುದು ಸರಿಸುಮಾರು 1,000 ಹರ್ಟ್ಸ್‌ನಲ್ಲಿ. ಅಲ್ಲಿ ಒಂದು ವೂಫರಿನ ಅಲೆ ಉಬ್ಬಿದಾಗ ಇನ್ನೊಂದರದು ತಗ್ಗಿರುತ್ತದೆ. ಎರಡೂ ಆಯಿಯ ಕಿವಿಯ ಹತ್ತಿರ ಬಂದು ಒಂದನ್ನೊಂದು ತಿಂದು ಸುಮ್ಮನಾಗುತ್ತವೆ. 1,000 ಹರ್ಟ್ಸ್‌ನ ಆಸುಪಾಸು ಅಂದರೆ ಮಾತಿನ ನಡುಮನೆ. ‘ಕಾ’, ‘ಪಾ’, ‘ತಾ’ಗಳಲ್ಲಿ ವ್ಯಂಜನದಿಂದ ಸ್ವರಕ್ಕೆ ಜಾರುವ ಆ ಕ್ಷಣದ ಸುಳಿವು ಬಹುಪಾಲು ಅಲ್ಲಿಂದ ಮೇಲಕ್ಕೇ ಇರುವುದು. ಅದಕ್ಕೂ ಮೇಲಿನದನ್ನು ವಯಸ್ಸು ಕಿತ್ತುಕೊಂಡಿತ್ತು, ನಡುವಿನದನ್ನು ಸ್ಪೀಕರ್ ಕಿತ್ತುಕೊಂಡಿತು.

ಮೈಕಿನಲ್ಲಿ ಅಳೆದಾಗ ಗೆರೆಯೂ ಇದನ್ನೇ ಬರೆಯಿತು: ಸೋಫಾದಲ್ಲಿ ನೆಟ್ಟಗಿದ್ದದ್ದು ದಿವಾನದಲ್ಲಿ 800ರಿಂದ 1,200 ಹರ್ಟ್ಸ್‌ವರೆಗೆ ಬಾವಿಯ ಹಾಗೆ ಇಳಿದು, ತಳದಲ್ಲಿ ಸುಮಾರು 9 ಡೆಸಿಬೆಲ್ ಕಡಿಮೆ. ಆದರೆ ಭಾವ ನಂಬಿದ್ದು ಗೆರೆ ನೋಡಿ ಅಲ್ಲ. ರಿಸೀವರಿನ ಟೆಸ್ಟ್ ಟೋನನ್ನು, ಆ ಜಲಪಾತದಂಥ ಶ್ಶ್ ಸದ್ದನ್ನು, ಸೆಂಟರಿಗೆ ಮಾತ್ರ ಹಾಕಿ, ಸೋಫಾದಿಂದ ದಿವಾನದ ಕಡೆಗೆ ಮೆಲ್ಲಗೆ ನಡೀರಿ ಅಂದೆ. ನಾಲ್ಕು ಹೆಜ್ಜೆಗೆ ಅವರು ನಿಂತುಬಿಟ್ಟರು. “ಇಲ್ಲಿ ಡಬ್ಬದಾಗಿಂದ ಬಂದಂಗ ಆಕ್ಕತಿ.” ನಿಮ್ಮ ಮನೆಯಲ್ಲೂ ಇದನ್ನು ಮಾಡಿ ನೋಡಬಹುದು, ಮೈಕು ಬೇಡ, ಲೆಕ್ಕ ಬೇಡ.

ಆಮೇಲೆ ಅದೇ ಸ್ಪೀಕರನ್ನು ಗೂಡಿನಿಂದ ಎಳೆದು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಟೀವಿಯ ಮುಂದೆ ನೆಟ್ಟಗೆ ನಿಲ್ಲಿಸಿದೆ. ಈಗ ವೂಫರ್‌ಗಳು ಮೇಲೊಂದು ಕೆಳಗೊಂದು. ಎಡಕ್ಕೆ ಹೋಗಲಿ ಬಲಕ್ಕೆ ಹೋಗಲಿ, ಎರಡೂ ಸಮದೂರವೇ. ಭಾವ ಮತ್ತೆ ನಡೆದರು. ಡಬ್ಬ ಮಾಯ. ಆಯಿಗೆ ಪದಗಳನ್ನು ಹಾಕಿದೆ: 19. ಒಂದು ರೂಪಾಯಿ ಖರ್ಚಿಲ್ಲದೆ 13 ಹೋಗಿ 19. ಒಂದಿಷ್ಟು ಪಾಲು ಗೂಡಿನಿಂದ ಹೊರಗೆ ಬಂದದ್ದಕ್ಕೂ ಸಲ್ಲಬೇಕು. ಗೂಡಿನಲ್ಲಿದ್ದಾಗ ಅದು ನೆಲದಿಂದ 11 ಇಂಚು ಎತ್ತರದಿಂದ ಟೀಪಾಯಿಯ ಕಾಲಿಗೆ ಭಾಷಣ ಮಾಡುತ್ತಿತ್ತು.

ಸೆಂಟರನ್ನು 8 ಡೆಸಿಬೆಲ್ ಏರಿಸಿದರೂ ಯಾಕೆ ಉಪಯೋಗವಾಗಲಿಲ್ಲ ಅನ್ನುವುದಕ್ಕೂ ಇದೇ ಉತ್ತರ. ಎರಡೂ ವೂಫರನ್ನು ಒಟ್ಟಿಗೆ ಏರಿಸಿದರೆ ಒಂದನ್ನೊಂದು ತಿನ್ನುವುದೂ ಅಷ್ಟೇ ಏರುತ್ತದೆ. ಬಾವಿ ಬಾವಿಯಾಗೇ ಉಳಿಯುತ್ತದೆ, ಸುತ್ತಲಿನ ದಿಬ್ಬ ಮಾತ್ರ ಎತ್ತರವಾಗುತ್ತದೆ. ಈಕ್ವಲೈಸರಿನಲ್ಲಿ 1,000 ಹರ್ಟ್ಸ್ ಎತ್ತಿದರೆ ದಿವಾನಕ್ಕೆ ಅಲ್ಪಸ್ವಲ್ಪ, ಸೋಫಾಕ್ಕೆ ಮೂಗಿನಲ್ಲಿ ಮಾತಾಡಿದ ಹಾಗೆ. ದಿಕ್ಕಿಗೆ ತಕ್ಕಂತೆ ಬದಲಾಗುವ ದೋಷಕ್ಕೆ ರಿಮೋಟಿನಲ್ಲಿ ಮದ್ದಿಲ್ಲ.

ಯಾರಿಗಾಗಿ ಹುಟ್ಟಿದ್ದು

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. 1933ರ ಏಪ್ರಿಲ್ 27ರಂದು ಅಮೆರಿಕದ ಟೆಲಿಫೋನ್ ಕಂಪನಿಯ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನವರು ಫಿಲಡೆಲ್ಫಿಯಾದಲ್ಲಿ ನುಡಿಸಿದ ವಾದ್ಯವೃಂದವನ್ನು ಟೆಲಿಫೋನ್ ತಂತಿಗಳ ಮೇಲೆ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕಳಿಸಿ ಕೇಳಿಸಿದರು. ಎರಡಲ್ಲ, ಮೂರು ಚಾನೆಲ್: ಎಡ, ನಡು, ಬಲ. ಸಭೆ ಅಗಲವಾಗಿತ್ತು. ನಡುವೆ ಕೂತವನಿಗೆ ಎಡಬಲ ಎರಡೇ ಸಾಕು, ದನಿ ತಾನಾಗೇ ನಡುವಿನಲ್ಲಿ ಮೂಡಿದಂತೆ ಅನಿಸುತ್ತದೆ. ಅಂಚಿನಲ್ಲಿ ಕೂತವನಿಗೆ ಹತ್ತಿರದ ಸ್ಪೀಕರಿನ ಸದ್ದೇ ಮೊದಲು ಬಂದು, ಎಲ್ಲವೂ ಆ ಕಡೆಯಿಂದಲೇ ಬಂದಂತಾಗುತ್ತದೆ. ಆಯಿಯ ಲೆಕ್ಕ ಹಾಕಿ: ಎಡ ಸ್ಪೀಕರಿಗೆ ಸುಮಾರು 8 ಅಡಿ, ಬಲದ್ದಕ್ಕೆ 11 ಚಿಲ್ಲರೆ. ಮೂರು ಅಡಿಗೂ ಮೀರಿದ ಆ ಅಂತರ ಸದ್ದಿಗೆ 3 ಮಿಲಿಸೆಕೆಂಡಿನ ದಾರಿ. ಅಷ್ಟು ಸಾಕು, ಪರದೆಯ ನಡುವಿನ ನಾಯಕಿ ಎಡಗೋಡೆಯಿಂದ ಮಾತಾಡುತ್ತಾಳೆ. ಹಿಂದೊಮ್ಮೆ ಯಾರದೋ ಮಾತು ಕೇಳಿ ಭಾವ ಸೆಂಟರನ್ನೇ ಕಿತ್ತಿಟ್ಟು ನೋಡಿದ್ದರಂತೆ. ಆಯಿ ಆಗ ಟೀವಿ ಬಿಟ್ಟು ಎಡ ಸ್ಪೀಕರಿನ ಕಡೆಗೇ ನೋಡುತ್ತಾ ಕೂರುತ್ತಿದ್ದರು ಅಂತ ಅಕ್ಕ ನಕ್ಕಳು.

ಅಂದಮೇಲೆ ಸೆಂಟರ್ ಸ್ಪೀಕರ್ ನಡುವೆ ಕೂತವರಿಗಾಗಿ ಹುಟ್ಟಿದ್ದಲ್ಲ. ಅದು ಪಕ್ಕದಲ್ಲಿ ಕೂತವರದು. ಸಿನಿಮಾ ಮಂದಿರದಲ್ಲಿ ಅದನ್ನು ಸಣ್ಣ ಸಣ್ಣ ತೂತುಗಳಿರುವ ಪರದೆಯ ಹಿಂದೆ ನೆಟ್ಟಗೆ ನಿಲ್ಲಿಸುತ್ತಾರೆ. ಟೀವಿಯ ಹಿಂದೆ ನಿಲ್ಲಿಸಲಾಗದು, ಕೆಳಗೆ ಜಾಗ ಗಿಡ್ಡ. ಆದ್ದರಿಂದ ಮನೆಯಲ್ಲಿ ಅದು ಅಡ್ಡಡ್ಡ ಮಲಗಿತು. ಟ್ವೀಟರಿನ ಎರಡೂ ಕಡೆ ವೂಫರ್ ಇಡುವ ಈ ಜೋಡಣೆಗೆ 1980ರ ದಶಕದಲ್ಲಿ ಶಾಸ್ತ್ರ ಬರೆದ ಅಮೆರಿಕದ ಎಂಜಿನಿಯರ್ ಜೋಸೆಫ್ ಡಿ’ಅಪೊಲಿಟೊ ಅದನ್ನು ಯೋಚಿಸಿದ್ದು ನೆಟ್ಟಗೆ ನಿಲ್ಲಿಸಲು. ಹಾಗೆ ನಿಂತರೆ ಸದ್ದು ಅಗಲಕ್ಕೆ ಹರಡುತ್ತದೆ, ನೆಲಕ್ಕೂ ಸೂರಿಗೂ ಕಡಿಮೆ ಹೋಗುತ್ತದೆ. ಅಡ್ಡ ಮಲಗಿಸಿದರೆ ನೆಲ, ಸೂರಿಗೆ ಚೆನ್ನಾಗಿ ಹೋಗುತ್ತದೆ, ಅಕ್ಕಪಕ್ಕದವರಿಗೆ ಹೋಗುವುದಿಲ್ಲ. ಪಕ್ಕದವರಿಗಾಗಿ ಹುಟ್ಟಿದ ಸ್ಪೀಕರ್ ಪಕ್ಕದವರಿಗೇ ಕೇಳದಂತೆ ಕೂತಿದೆ, ಎಷ್ಟೋ ಮನೆಗಳಲ್ಲಿ.

ಹಾಗಂತ ಮಲಗಿದ ಸ್ಪೀಕರೆಲ್ಲ ಕೆಟ್ಟದ್ದಲ್ಲ. ಎಲ್ಲರೂ ನಡುವಿನಿಂದ 15 ಡಿಗ್ರಿಯೊಳಗೆ ಕೂರುವ ಮನೆಯಾದರೆ ಬಾವಿ ಇನ್ನೂ ಮೇಲಿನ ಸ್ಥಾಯಿಗೆ ಸರಿದಿರುತ್ತದೆ, ಅಷ್ಟು ಆಳವೂ ಇರುವುದಿಲ್ಲ. ಒಂದೇ ಸೋಫಾ, ಇಬ್ಬರೇ ಜನ, ನಿಶ್ಚಿಂತೆಯಿಂದ ತೆಗೆದುಕೊಳ್ಳಿ.

ಯಾವುದು ತರುವುದು

ಹಳೆಯದನ್ನೇ ನೆಟ್ಟಗೆ ನಿಲ್ಲಿಸಿದರಾಯಿತಲ್ಲ? 18 ಇಂಚು ಎತ್ತರ. ಟೀವಿ ಯೂನಿಟ್ಟಿನ ತಲೆಗೂ ಟೀವಿಯ ಕೆಳ ಅಂಚಿಗೂ ನಡುವೆ ಇರುವುದು 14. ಟೀವಿಯನ್ನು ಐದಿಂಚು ಏರಿಸೋಣ ಅಂದೆ. “ಈಗಾಗಲೇ ಕತ್ತು ನೋಯುತ್ತೆ, ಗೋಡೆಗೆ ಇನ್ನೊಂದು ಸಲ ಡ್ರಿಲ್ ಹಾಕಿದ್ರೆ ನೋಡು” ಅಂದಳು ಅಕ್ಕ. ಆ ದಾರಿ ಅಲ್ಲಿಗೆ ಮುಚ್ಚಿತು.

ಅಂಗಡಿಯವರು ಹೇಳಿದ ನಾಲ್ಕು ವೂಫರಿನದು ಮೊದಲೇ ಬಿತ್ತು. ಅಡ್ಡಕ್ಕೆ ವೂಫರ್ ಹೆಚ್ಚಿದಷ್ಟೂ ಅಂತರ ಹೆಚ್ಚು, ಬಾವಿಯೂ ಹೆಚ್ಚು. ಉಳಿದದ್ದು ಮೂರು. ಒಂದು, ತ್ರೀ ವೇ ಸೆಂಟರ್: ನಡುವೆ ಟ್ವೀಟರ್, ಅದರ ನೇರ ಕೆಳಗೇ ನಡುಸ್ಥಾಯಿಗೆ ಪುಟ್ಟ ಮಿಡ್‌ರೇಂಜ್, ಪಕ್ಕದ ವೂಫರ್‌ಗಳಿಗೆ ಕೆಲವು ನೂರು ಹರ್ಟ್ಸ್‌ಗಿಂತ ಕೆಳಗಿನ ಕೆಲಸ ಮಾತ್ರ. ಮಾತಿನ ಮುಖ್ಯಭಾಗ ಒಂದೇ ಕಂಬದಿಂದ ಬರುವುದರಿಂದ ಓರೆಯ ತಂಟೆ ಇಲ್ಲ. ಇದೇ ಸರಿಯಾದ ಉತ್ತರ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ, ದುಡ್ಡಿದ್ದರೆ. ಭಾವನ ಮುಂದಿನ ಸ್ಪೀಕರ್‌ಗಳ ಸರಣಿಯಲ್ಲಿ ಅಂಥದ್ದೊಂದು ಇರಲೇ ಇಲ್ಲ. ಬೇರೆ ಕಂಪನಿಯದು ತಂದರೆ ಬಸ್ಸು ಪರದೆಯ ಎಡದಿಂದ ಬಲಕ್ಕೆ ಹೋಗುವಾಗ ನಡುವೆ ಎಂಜಿನ್ ಬದಲಾಗುತ್ತದೆ. ಎರಡು, ಕೋಆಕ್ಸಿಯಲ್: ವೂಫರಿನ ಗಂಟಲಲ್ಲೇ ಟ್ವೀಟರ್. ಚೆಂದದ ಉಪಾಯ, ಅದಕ್ಕೂ ಬೇರೆ ಕಂಪನಿಯ ತಕರಾರೇ.

ಮೂರನೆಯದು ಎಲ್ಲರ ಕಣ್ಣೆದುರೇ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಎಡಬಲಕ್ಕಿರುವ ಬುಕ್‌ಶೆಲ್ಫ್ ಸ್ಪೀಕರಿನಂಥದ್ದೇ ಇನ್ನೊಂದು. 12 ಇಂಚು ಎತ್ತರ, 14 ಇಂಚಿನ ಸಂದಿಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಒಂದು ವೂಫರ್, ಅದರ ಮೇಲೊಂದು ಟ್ವೀಟರ್, ಜಗಳಾಡಲು ಪಕ್ಕದಲ್ಲಿ ಯಾರೂ ಇಲ್ಲ. ಮೂರೂ ಒಂದೇ ಆದ್ದರಿಂದ ದನಿಯ ಬಣ್ಣವೂ ಒಂದೇ.

ಭಾವನಿಗೆ ಅನುಮಾನ: “ಇಷ್ಟ ಸಣ್ಣದು ಸಾಕಾಕ್ಕತೇನು?” ಇದರ ಸೆನ್ಸಿಟಿವಿಟಿ 86 ಡೆಸಿಬೆಲ್, ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರಿನಲ್ಲಿ ಅಷ್ಟು ಸದ್ದು. 3 ಮೀಟರಿಗೆ ಬರುವಾಗ ಸುಮಾರು 76. ಮನೆಯಲ್ಲಿ ಎದುರುಬದುರು ಕೂತು ಆಡುವ ಮಾತೇ 60-65 ಡೆಸಿಬೆಲ್. ಭಾರವಾದ ತಳವನ್ನು ಹೇಗೂ ಸಬ್‌ವೂಫರ್ ಹೊರುತ್ತದೆ.

ತಕರಾರು ಇದ್ದದ್ದು ಒಂದೇ: ಜೋಡಿಯಾಗೇ ಮಾರುತ್ತಾರೆ, ಒಂಟಿ ಕೊಡುವುದಿಲ್ಲ. ಜೋಡಿಗೆ ಆದದ್ದು ಆ ನಾಲ್ಕು ವೂಫರಿನದರ ಅರ್ಧ ಬೆಲೆಗಿಂತ ಸ್ವಲ್ಪ ಹೆಚ್ಚು. ಉಳಿದ ಒಂದು ಈಗ ಅಟ್ಟದ ಮೇಲೆ, ಹಳೆಯ ಸೆಂಟರಿನ ಪಕ್ಕದಲ್ಲಿ, ಡಬ್ಬದ ಸಮೇತ ಇದೆ. ಅಟ್ಟ ಹತ್ತಿದಾಗಲೆಲ್ಲ ಅಕ್ಕ ನನ್ನ ಹೆಸರು ಹಿಡಿಯುತ್ತಾಳಂತೆ.

ಎರಡನೆಯ ಸಲ ಹೋದಾಗ

ಮೂರು ವಾರ ಬಿಟ್ಟು ಹೋದೆ. ಟೀವಿ ಯೂನಿಟ್ಟಿನ ತಲೆಯ ಮೇಲೆ ಸೆಟ್ ಟಾಪ್ ಬಾಕ್ಸ್, ರೂಟರ್, ಹಿತ್ತಾಳೆಯ ನಂದಿ, ಮದುವೆ ಫೋಟೊ. ಬಾಕ್ಸೂ ರೂಟರೂ ಖಾಲಿಯಾದ ಗೂಡಿಗೆ ಹೋದವು. ನಂದಿ ಎಡಕ್ಕೆ ಸರಿದ. ಫೋಟೊ ವಿಷಯದಲ್ಲಿ ಗಂಡ ಹೆಂಡಿರ ನಡುವೆ ನಾನು ಬಾಯಿ ಹಾಕಲಿಲ್ಲ.

ಸ್ಪೀಕರನ್ನು ಯೂನಿಟ್ಟಿನ ಮುಂದಂಚಿಗೆ ಸಮನಾಗಿ ಎಳೆದಿಟ್ಟೆ. ಹಿಂದೆ ಬಿಟ್ಟರೆ ಸನ್‌ಮೈಕಾ ಹಲಗೆಗೆ ಸದ್ದು ಬಡಿದು ಎರಡೆರಡಾಗಿ ಬರುತ್ತದೆ. ಟ್ವೀಟರ್ ನೆಲದಿಂದ 29 ಇಂಚು, ಕೂತವರ ಕಿವಿ 38. ಆ ದೂರಕ್ಕೆ ನಾಲ್ಕೈದು ಡಿಗ್ರಿ ಮುಖ ಎತ್ತಿದರೆ ಸಾಕು, ಲೆಕ್ಕದಲ್ಲಿ ಮುಂಭಾಗಕ್ಕೆ ಮುಕ್ಕಾಲು ಇಂಚಿನ ಆಸರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಗಿಲಿಗೆ ಸಿಕ್ಕಿಸುವ ರಬ್ಬರ್ ಸ್ಟಾಪರ್ ಎರಡು ತಂದು ಕೊಟ್ಟೆ, ಜಾರುವುದೂ ಇಲ್ಲ, ಹಲಗೆಗೆ ಅದುರು ಇಳಿಯುವುದೂ ಇಲ್ಲ. ಜೊತೆಗೆ ಇಡೀ ಸ್ಪೀಕರನ್ನು ದಿವಾನದ ಕಡೆಗೆ 10 ಡಿಗ್ರಿ ತಿರುಗಿಸಿದೆ. ನೋಡಲು ಸೊಟ್ಟ. ಸೋಫಾ 10 ಡಿಗ್ರಿ ಬಿಟ್ಟುಕೊಟ್ಟಿತು, ಆಯಿಗೆ 32 ಇದ್ದದ್ದು 22 ಆಯಿತು. ಯಾರು ಎಷ್ಟು ಹೊತ್ತು ಟೀವಿ ನೋಡುತ್ತಾರೆ ಅನ್ನುವುದರ ಮೇಲೆ ಈ ಸೊಟ್ಟ ನಿಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ, ಸೌಂದರ್ಯದ ಮೇಲಲ್ಲ.

ಆಮೇಲೆ ಹಾಡು ಹಾಕಿದರೆ ಹಾಡುವವರ ದನಿ ಬಡಕಲು! ನಡುವಿನಲ್ಲಿ ನಿಲ್ಲದೆ ಎಲ್ಲೆಲ್ಲೋ ತೇಲುತ್ತದೆ. ಮಾತು ಮಾತ್ರ ಸರಿಯಿದೆ. ಅರ್ಧ ಗಂಟೆ ರಿಸೀವರಿನ ಮೆನುವಿನಲ್ಲಿ ಗುದ್ದಾಡಿದೆ. ಕೊನೆಗೆ ಅನುಮಾನ ಬಂದು ರಿಸೀವರಿನ ಕಡೆಯ ತಂತಿ ಬಿಡಿಸಿ, ಗಡಿಯಾರದ ಪೆನ್ಸಿಲ್ ಸೆಲ್ ತೆಗೆದು, ಪ್ಲಸ್ ಇರಬೇಕಾದ ಎಳೆಯನ್ನು ಸೆಲ್ಲಿನ ಮೂತಿಗೆ, ಇನ್ನೊಂದನ್ನು ಬುಡಕ್ಕೆ ಒಂದು ಕ್ಷಣ ತಾಗಿಸಿದೆ. ವೂಫರ್ ಟಕ್ ಅಂತ ಹೊರಗೆ ಜಿಗಿಯಬೇಕು. ಒಳಗೆ ಹೋಯಿತು. ತಂತಿಯ ಒಂದೆಳೆಗೆ ಇರುವ ಕಪ್ಪು ಗೆರೆಯನ್ನು ಆ ತುದಿಯಲ್ಲಿ ಒಂದು ಅರ್ಥದಲ್ಲಿ, ಈ ತುದಿಯಲ್ಲಿ ಇನ್ನೊಂದು ಅರ್ಥದಲ್ಲಿ ಹಿಡಿದು ಉಲ್ಟಾ ಜೋಡಿಸಿದವನು ನಾನೇ. ಮಾತು ಸೆಂಟರಿನಿಂದ ಮಾತ್ರ ಬರುವುದರಿಂದ ಈ ತಪ್ಪು ಮಾತಿನಲ್ಲಿ ಗೊತ್ತೇ ಆಗುವುದಿಲ್ಲ; ಹಾಡಿನಂತೆ ಮೂರಕ್ಕೂ ಹಂಚಿಹೋದದ್ದರಲ್ಲಿ ಮಾತ್ರ ಒಂದನ್ನೊಂದು ಎಳೆದಾಡುತ್ತವೆ. ಅಳಿಯ ನೋಡುತ್ತಾ ನಿಂತಿದ್ದ. ಆಲ್ ಚಾನೆಲ್ ಸ್ಟೀರಿಯೊ ಬಗ್ಗೆ ಅವನಿಗೆ ನಾನು ಕೊಟ್ಟಿದ್ದ ಉಪದೇಶವೆಲ್ಲ ವಾಪಸ್ ಬಂತು.

ರಿಸೀವರಿನ ಮೈಕು ಅಳತೆ ಮಾಡುವಾಗ ಎರಡು ವಿಷಯ ಪಾಲಿಸಿದೆ: ಮೈಕು ಕೈಯಲ್ಲಲ್ಲ, ಸೋಫಾದ ಬೆನ್ನಿನ ಮೇಲೂ ಅಲ್ಲ, ಟ್ರೈಪಾಡಿನಲ್ಲಿ ಕಿವಿಯ ಎತ್ತರಕ್ಕೆ, ಫ್ಯಾನ್, ಫ್ರಿಜ್ ಎರಡೂ ಬಂದ್. ಮೊದಲ ಅಳತೆ ಸೋಫಾದ ನಡುವೆ, ಮುಂದಿನ ಎರಡು ದಿವಾನದಲ್ಲಿ. ಅದು ಮುಗಿದ ಮೇಲೆ ಸೆಂಟರನ್ನು ಕೈಯಾರೆ 2 ಡೆಸಿಬೆಲ್ ಏರಿಸಿದೆ. ಟೀವಿ ಚಿತ್ರವನ್ನು ಸಂಸ್ಕರಿಸುವ ಹೊತ್ತಿಗೆ ಸದ್ದು ಚೂರು ಮುಂದೆ ಓಡುತ್ತಿತ್ತು. ಸುದ್ದಿ ಓದುವವರ ತುಟಿಗೆ ಮಾತು ಕೂರುವವರೆಗೆ ಸದ್ದನ್ನು ತಡಮಾಡಿದೆ. ಕಿವಿ ಸೋತವರು ಗೊತ್ತಿಲ್ಲದೆಯೇ ತುಟಿ ಓದುತ್ತಿರುತ್ತಾರೆ. ಡಬ್ ಆದ ಸಿನಿಮಾಗಳಲ್ಲಿ ತುಟಿಯ ಆಸೆ ಬಿಡಬೇಕು, ಅದಕ್ಕೆ ರಿಸೀವರ್ ಏನು ಮಾಡೀತು?

ಹಾಲ್ ಬೋಳು ಬೋಳು: ವಿಟ್ರಿಫೈಡ್ ಟೈಲ್ಸು, ಗಾಜಿನ ಶೋಕೇಸು. ಚಪ್ಪಾಳೆ ತಟ್ಟಿದರೆ ಟ್ರಿಣ್ ಅಂತ ಬಾಲ ಉಳಿಯುತ್ತದೆ. ನವಲಗುಂದದ ಜಮಖಾನ ಮನೆಯಲ್ಲಿತ್ತು, ಟೀಪಾಯಿಯ ಕೆಳಗೆ ಹಾಸಿದೆವು. ಹತ್ತಿಯ ತೆಳು ನೇಯ್ಗೆ, ಒಂದರಿಂದಲೇ ಹೆಚ್ಚೇನೂ ಆಗದು, ಕೆಳಗೆ ದಪ್ಪ ಫೆಲ್ಟ್ ಹಾಕಿದ ಮೇಲೆ ಗೊತ್ತಾಯಿತು. ನಿಜವಾದ ಕೆಲಸ ಮಾಡಿದ್ದು ಆಯಿಯ ಪೆಟ್ಟಿಗೆಯಲ್ಲಿದ್ದ ಕೌದಿ. ಹಳೆ ಸೀರೆ, ಧೋತರ ಪದರ ಪದರವಾಗಿ ಸೇರಿಸಿ ಅವರ ತಾಯಿ ಹೊಲಿದದ್ದು. ಎರಡು ಮಡಿಕೆ ಮಾಡಿ ದಿವಾನದ ಹಿಂದಿನ ಗೋಡೆಗೆ ಕೋಲು ಕಟ್ಟಿ ತೂಗುಬಿಟ್ಟೆವು. ಆಯಿಯ ಕಿವಿಯಿಂದ ಒಂದಡಿಗೇ ಇರುವ ಗೋಡೆ ಅದು. ಅಲ್ಲಿಂದ ಸಿಡಿದು ಬರುವ ಸದ್ದನ್ನು ಅಷ್ಟು ದಪ್ಪ ಬಟ್ಟೆ ಬಹುಮಟ್ಟಿಗೆ ನುಂಗುತ್ತದೆ.

ಕೌದಿ ಕಟ್ಟುವ ಮೊದಲೇ ಪದಗಳನ್ನು ಮತ್ತೆ ಹಾಕಿದ್ದೆ: ದಿವಾನದಲ್ಲಿ 21. ಕಟ್ಟಿದ ಮೇಲೆ 22. ‘ಶಾಲು’ ಕೊನೆಯವರೆಗೂ ‘ಸಾಲು’ ಆಗೇ ಉಳಿಯಿತು. ಅದು ವಯಸ್ಸು ಕಿತ್ತುಕೊಂಡ ಮೇಲಿನ ಸ್ಥಾಯಿಗಳ ಸಂಗತಿ, ಅಲ್ಲಿ ಸ್ಪೀಕರಿನದು ನಡೆಯುವುದಿಲ್ಲ.

ಬಾಕಿ ಉಳಿದದ್ದು ಫ್ಯಾನ್. 2ರಲ್ಲಿ ಚೆನ್ನ. ಏಪ್ರಿಲ್‌ನಲ್ಲಿ 5ಕ್ಕೆ ಹೋದಾಗ ಗಳಿಸಿದ್ದರಲ್ಲಿ ನಾಲ್ಕು ಪದ ಗಾಳಿಗೆ ಹೋಗುತ್ತವೆ, ಎಣಿಸಿ ನೋಡಿದ್ದೇವೆ. ಸದ್ದು ಕಡಿಮೆ ಇರುವ ಫ್ಯಾನ್ ತರಬೇಕು ಅಂತ ಭಾವ ಹೇಳುತ್ತಲೇ ಇದ್ದಾರೆ. ಇನ್ನೊಂದು, ಸ್ಪೀಕರಿನ ತಲೆ ಟೀವಿಯ ರಿಮೋಟ್ ಕಣ್ಣಿಗೆ ಕೂದಲೆಳೆಯಲ್ಲಿ ತಪ್ಪಿದೆ. ಸೋಫಾದಿಂದ, ದಿವಾನದಿಂದ ಒತ್ತಿದರೆ ಚಾನೆಲ್ ಬದಲಾಗುತ್ತದೆ, ನೆಲದ ಮೇಲೆ ಕೂತ ಮಕ್ಕಳು ಒತ್ತಿದರೆ ಆಗುವುದಿಲ್ಲ. ಇದನ್ನು ಸರಿಮಾಡಬೇಡ ಅಂತ ಅಕ್ಕನ ಅಪ್ಪಣೆಯಾಗಿದೆ.

ಆಯಿ ಈಗ ಸೀರಿಯಲ್ ನೋಡುವಾಗ ಏನಂದಾ ಅಂತ ಕೇಳುವುದಿಲ್ಲ. ರಾತ್ರಿ ಒಂಬತ್ತರ ಚರ್ಚೆಗೆ ಮಾತ್ರ ರಿಮೋಟ್ ಎತ್ತಿಕೊಳ್ಳುತ್ತಾರೆ. “ಇವರು ಇಷ್ಟ ಒದರ್ತಿದ್ರು ಅಂತ ನನಗ ಗೊತ್ತಾ ಇದ್ದಿಲ್ಲ ನೋಡು” ಅಂದರು ಮೊನ್ನೆ ಫೋನಿನಲ್ಲಿ.